ಬೆಂಕಿಪುರದ ಬಯಲಿನಲ್ಲಿ ಒಂದು ದಿನ

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಇಂಗ್ಲೆಂಡ್ ದೇಶದ ಉತ್ತರ ಭಾಗದಲ್ಲಿರುವ ಯಾರ್ಕ್‌ಷೈರ್ ಪ್ರಾಂತದಲ್ಲಿ ಉದ್ಯೋಗದಲ್ಲಿದ್ದಾನೆ. ಆತನು ಕೆಲವು ತಿಂಗಳ ಹಿಂದೆ ಬರೆದ ಕಾಗದದಲ್ಲಿ ತಾನು ಕಂಡ ಒಂದು ಆಟದ ವರ್ಣನೆಯಿದ್ದಿತು. ಶನಿವಾರದ ಮಧ್ಯಾಹ್ನ, ಮೇಲೆ ತುಂತುರು ಮಳೆ, ಕೆಳಗೆ ಕೆಸರು. ಪಕ್ಷಕ್ಕೆ ಹದಿಮೂರು ಮಂದಿ. ಮೊಟ್ಟೆಯ ಆಕಾರದ ಚೆಂಡನ್ನು ಎದೆಗವಚಿಕೊಂಡು ಒಬ್ಬನು ಓಡುತ್ತಾನೆ. ಎದುರು ಪಕ್ಷದವರು ಅವನನ್ನು ಹಿಡಿದು ಕೆಡಹುತ್ತಾರೆ. ಅವನು ಎದ್ದು ಆಟವನ್ನು ಮುಂದುವರಿಸುತ್ತಾನೆ. ಹೀಗೆ ಆರು ಸಲ ಹಿಡಿತಕ್ಕೆ ಸಿಕ್ಕಿದ ಮೇಲೆ ಚೆಂಡು ಎದುರಾಳಿಗಳ ವಶವಾಗುತ್ತದೆ. ಇದಕ್ಕೆ ರಗ್ಬಿ ಲೀಗ್ ಎಂದು ಹೆಸರಂತೆ. ಆಡುತ್ತಿದ್ದವರು ಸಂಬಳ ಪಡೆಯುವ ಆಟಗಾರರಲ್ಲ. ವಾರವೆಲ್ಲ ದುಡಿದು ಶನಿವಾರ ಮೈದಾನಕ್ಕೆ ಇಳಿಯುವ ಬಡಗಿಗಳು, ಗಾರೆಯವರು, ಲಾರಿ ಚಾಲಕರು. "ಮೇಷ್ಟ್ರೇ, ನಮ್ಮ ಸೀಮೆಯಲ್ಲಿ ಇಂಥದೇನಾದರೂ ಉಂಟೆ?" ಎಂದು ಆತನು ಕೊನೆಯಲ್ಲಿ ಕೇಳಿದ್ದನು.

ಈ ಪ್ರಶ್ನೆಗೆ ಉತ್ತರ ಕೊಡುವ ಯೋಗ್ಯತೆ ನಮಗಿರಲಿಲ್ಲ. ಮೂರು ದಶಕಗಳಿಗೂ ಮಿಗಿಲಾಗಿ ಹುಡುಗರ ನಡುವೆಯೇ ಇದ್ದೆವಾದರೂ, ಅವರ ಆಟವನ್ನು ಮೊದಲಿನಿಂದ ಕೊನೆಯವರೆಗೆ ಕುಳಿತು ನೋಡಿದ್ದು ಒಂದು ದಿನವೂ ಇಲ್ಲ. ಆಟದ ಗಂಟೆ ಹೊಡೆಯಿತೆಂದರೆ ಅದು ನಮಗೆ ಉತ್ತರಪತ್ರಿಕೆಗಳನ್ನು ತಿದ್ದುವ ಹೊತ್ತು. ಬಯಲಿನ ಕೂಗಾಟ ಹೆಚ್ಚಾದರೆ ಕಿಟಕಿಯನ್ನು ಮುಚ್ಚಿಸುತ್ತಿದ್ದೆವು. ಆದುದರಿಂದ ಭದ್ರಾವತಿಯಲ್ಲಿರುವ ನಮ್ಮ ಮಿತ್ರರನ್ನು ವಿಚಾರಿಸಿದೆವು. ಅವರು ಅಲ್ಲಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. "ಅದಕ್ಕೇನು, ಬರುವ ಆದಿತ್ಯವಾರ ನಮ್ಮೂರಿನಲ್ಲಿ ಕಬಡ್ಡಿ ಪಂದ್ಯಗಳಿವೆ. ಬೆಳಗಿನ ರೈಲಿಗೆ ಬನ್ನಿ. ಊಟ ನಮ್ಮಲ್ಲಿಯೇ" ಎಂದರು. ಮನೆಯಲ್ಲಿ ಈ ಸುದ್ದಿಯನ್ನು ತಿಳಿಸಿದಾಗ ಯಾರೂ ನಂಬಲಿಲ್ಲ. ಅಂತೂ ಮಾಘಮಾಸದ ಒಂದು ಮುಂಜಾನೆ, ಹೆಗಲಿಗೆ ಶಾಲು ಹಾಕಿಕೊಂಡು ಶಿವಮೊಗ್ಗದ ನಿಲ್ದಾಣದಲ್ಲಿ ರೈಲು ಹತ್ತಿದೆವು.

ಶಿವಮೊಗ್ಗದಿಂದ ಭದ್ರಾವತಿಗೆ ದೂರವೇನೂ ಇಲ್ಲ. ಇಪ್ಪತ್ತು ಕಿಲೋಮೀಟರಿನ ಒಳಗೆ. ತುಂಗೆಯ ಊರಿನಲ್ಲಿ ಹತ್ತಿ ಭದ್ರೆಯ ಊರಿನಲ್ಲಿ ಇಳಿಯುವ ಪ್ರಯಾಣ. ಗಂಗಾಮೂಲದಲ್ಲಿ ಒಟ್ಟಿಗೆ ಹುಟ್ಟಿದ ಈ ಅಕ್ಕತಂಗಿಯರು ಬೇರೆ ಬೇರೆ ದಾರಿ ಹಿಡಿದು, ಕೂಡಲಿಯಲ್ಲಿ ಮತ್ತೆ ಒಂದಾಗುವ ಮುನ್ನ ತಮ್ಮ ತಮ್ಮ ದಡಗಳಲ್ಲಿ ಒಂದೊಂದು ಪಟ್ಟಣವನ್ನು ಸಾಕಿಕೊಂಡಿದ್ದಾರೆ.

ಭದ್ರಾವತಿಗೆ ಹಿಂದೆ ಬೆಂಕಿಪುರವೆಂದು ಹೆಸರಿದ್ದಿತು. ಹೆಸರು ಮೊದಲು ಬಂದಿತು. ಬೆಂಕಿ ಆಮೇಲೆ ಬಂದಿತು. ಮೈಸೂರು ಸಂಸ್ಥಾನದವರು 1918ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸವನ್ನು ಆರಂಭಿಸಿದರು. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟಗಳಿಂದ, ಇದ್ದಿಲು ಮಲೆನಾಡಿನ ಕಾಡುಗಳಿಂದ, ನೀರು ಭದ್ರೆಯಿಂದ. 1923ರಲ್ಲಿ ಕುಲುಮೆ ಹೊತ್ತಿಕೊಂಡಿತು. ಆ ವರ್ಷದಿಂದ 1929ರವರೆಗೆ ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದು ಕಾರ್ಖಾನೆಯನ್ನು ನಿಲ್ಲಿಸಿದರು. ಮುಂದೆ ಅದಕ್ಕೆ ಅವರ ಹೆಸರೇ ಬಂದಿತು. 1936ರಲ್ಲಿ ಕಾಗದದ ಕಾರ್ಖಾನೆಯೂ ಇಲ್ಲಿ ಸ್ಥಾಪಿತವಾಯಿತು. ಒಂದು ಕಡೆ ಕಬ್ಬಿಣ, ಒಂದು ಕಡೆ ಕಾಗದ. ಎರಡು ತಲೆಮಾರುಗಳ ಕಾಲ ಸುತ್ತಣ ಹಳ್ಳಿಗಳ ತಾಯ್ತಂದೆಗಳು ಮಗನಿಗೆ "ಫ್ಯಾಕ್ಟರಿ ಕೆಲಸ" ಸಿಕ್ಕಿತೆಂದರೆ ದೇವರಿಗೆ ಕಾಯಿ ಒಡೆಸುತ್ತಿದ್ದರು.

ರೈಲಿನಿಂದ ಇಳಿದವರನ್ನು ಮಿತ್ರರು ಮೊದಲು ಹಳೇನಗರದ ಲಕ್ಷ್ಮೀನರಸಿಂಹಸ್ವಾಮಿಯ ದೇವಾಲಯಕ್ಕೆ ಕರೆದೊಯ್ದರು. ಹೊಯ್ಸಳರ ಕಾಲದ್ದು, ಹದಿಮೂರನೆಯ ಶತಮಾನದ ತ್ರಿಕೂಟ. ಎತ್ತರವಾದ ಜಗತಿಯ ಮೇಲೆ ಮೂರು ಗರ್ಭಗುಡಿಗಳು ಒಂದೇ ನವರಂಗದ ಕಡೆಗೆ ಮುಖಮಾಡಿ ನಿಂತಿವೆ. ಅಲ್ಲಿಂದ ಮರಳುವಾಗ ಸೇತುವೆಯ ಮೇಲೆ ಸ್ವಲ್ಪ ಹೊತ್ತು ನಿಂತೆವು. ಕೆಳಗೆ ಭದ್ರೆಯು ಬಂಡೆಗಳ ನಡುವೆ ಸದ್ದಿಲ್ಲದೆ ಹರಿಯುತ್ತಿದ್ದಳು. ಮಿತ್ರರು ಕಾರ್ಖಾನೆಯ ದಿಕ್ಕನ್ನು ತೋರಿಸಿ, "ಹಿಂದೆ ಪಾಳಿಯ ಸೈರನ್ ಕೇಳಿ ಊರೆಲ್ಲ ಗಡಿಯಾರ ಸರಿಮಾಡಿಕೊಳ್ಳುತ್ತಿತ್ತು. ಬೆಳಗಿನ ಪಾಳಿ ಮುಗಿಸಿ ನೇರವಾಗಿ ಬಯಲಿಗೆ ಹೋಗಿ ಆಡುತ್ತಿದ್ದೆವು. ದಣಿವೆಂಬುದೇ ತಿಳಿಯುತ್ತಿರಲಿಲ್ಲ" ಎಂದರು. ಕಬ್ಬಿಣದ ಕಾರ್ಖಾನೆಯು 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರವಾಗಿ, ಜನರ ಹೋರಾಟದ ಮೇಲೆ ಅದೇ ವರ್ಷ ಕೆಲವು ವಿಭಾಗಗಳು ಮತ್ತೆ ನಡೆದವು. ಕಾಗದದ ಕಾರ್ಖಾನೆಯ ಯಂತ್ರಗಳು ಅದಕ್ಕೂ ಮೊದಲೇ, 2015–16ರ ಹೊತ್ತಿಗೆ, ನಿಂತುಹೋಗಿದ್ದವು. ಮಿತ್ರರು ಇದಿಷ್ಟನ್ನೂ ಹೇಳಿ, "ಹುಡುಗರು ಮಾತ್ರ ಆಟ ನಿಲ್ಲಿಸಿಲ್ಲ, ನಡೆಯಿರಿ" ಎಂದು ಕೈಹಿಡಿದುಕೊಂಡು ಹೊರಟರು.

ಊಟ ಮುಗಿಸಿ ನಾವು ಬಯಲನ್ನು ತಲಪುವ ವೇಳೆಗೆ ಮೂರು ಗಂಟೆಯಾಗಿದ್ದಿತು. ಯುವಕರ ಸಂಘವೊಂದು ಏರ್ಪಡಿಸಿದ್ದ ಪಂದ್ಯಾವಳಿ. ಟಿಕೇಟಿಲ್ಲ, ಬೇಲಿಯಿಲ್ಲ. ನಾಲ್ಕು ಕಡೆಯೂ ಹಗ್ಗ ಕಟ್ಟಿದ್ದರು. ಹಗ್ಗದ ಆಚೆ ಊರೇ ನೆರೆದಿದ್ದಿತು. ಮುಂದೆ ಮಕ್ಕಳು ನೆಲದ ಮೇಲೆ, ಹಿಂದೆ ದೊಡ್ಡವರು ನಿಂತುಕೊಂಡು, ಸುತ್ತಲ ಮನೆಗಳ ತಾರಸಿಗಳ ಮೇಲೆ ಹೆಂಗಸರು. ಒಬ್ಬ ಅಜ್ಜಿ ಸೊಪ್ಪು ಬಿಡಿಸುತ್ತಲೇ ಆಟ ನೋಡುತ್ತಿದ್ದರು. ಒಂದು ಮೂಲೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬೋಂಡದ ಗಾಡಿ. ನಾವು ಪೇಟಾ ಕಟ್ಟಿದ ಸಭಾಪತಿಗಳೆಂದು ಯಾರೋ ತಪ್ಪುತಿಳಿದು ನಮಗೆರಡು ಕುರ್ಚಿಗಳನ್ನು ತಂದುಹಾಕಿದರು. ತಪ್ಪನ್ನು ತಿದ್ದುವ ಆತುರ ನಮಗೂ ಇರಲಿಲ್ಲ.

ಅಂಕಣದ ಸುತ್ತ ಒಬ್ಬನು ಬಗ್ಗಿ ಸುಣ್ಣದ ಗೆರೆಗಳನ್ನು ಸರಿಪಡಿಸುತ್ತಿದ್ದನು. ವಯಸ್ಸು ನಲವತ್ತರ ಹತ್ತಿರ. ತಲೆಯೆತ್ತಿದವನು ನಮ್ಮನ್ನು ದಿಟ್ಟಿಸಿ ನೋಡಿ, ಕೈಯ ಸುಣ್ಣವನ್ನು ಚಡ್ಡಿಗೆ ಒರೆಸಿಕೊಂಡು ಓಡಿಬಂದು, "ಮೇಷ್ಟ್ರೇ! ನೀವು ಇಲ್ಲಿ!" ಎಂದು ಕಾಲು ಮುಟ್ಟಿದನು. ಗುರುತು ಹಿಡಿಯಲು ನಮಗೆ ಒಂದು ಕ್ಷಣ ಹಿಡಿಯಿತು; ಹಿಡಿದ ಮೇಲೆ ಸಂತೋಷಕ್ಕಿಂತ ಮೊದಲು ಸಂಕೋಚವಾಯಿತು.

ಈತನು ನಮ್ಮ ಸಂಸ್ಕೃತದ ತರಗತಿಯಲ್ಲಿ ಕೊನೆಯ ಬೆಂಚಿನವನು. ರಾಮಶಬ್ದವನ್ನು ಹೇಳೆಂದರೆ ದ್ವಿತೀಯಾ ವಿಭಕ್ತಿಯಲ್ಲಿಯೇ ಉಸಿರು ನಿಲ್ಲುತ್ತಿದ್ದಿತು. ಬಯಲಿಗೆ ಬಿಟ್ಟರೆ ಶಾಲೆಯಲ್ಲಿಯೇ ಅತಿ ಉದ್ದವಾದ ಉಸಿರು ಅವನದು. "ಕಬಡ್ಡಿಗೆ ಇರುವ ಉಸಿರು ವಿಭಕ್ತಿಗೇಕಿಲ್ಲ?" ಎಂದು ನಾವು ಗದರಿಸಿ, ತರಗತಿಯನ್ನೆಲ್ಲ ನಗಿಸಿದ್ದುಂಟು. ಇದು ಅಷ್ಟಕ್ಕೇ ಮುಗಿದಿದ್ದರೆ ಬರೆಯಬೇಕಾಗಿರಲಿಲ್ಲ. ಆತನು ಹತ್ತನೆಯ ತರಗತಿಯಲ್ಲಿದ್ದಾಗ ಜಿಲ್ಲಾ ತಂಡಕ್ಕೆ ಹುಡುಗರನ್ನು ಆರಿಸುವ ದಿನವೂ ನಮ್ಮ ಕಿರುಪರೀಕ್ಷೆಯೂ ಒಂದೇ ದಿನ ಬಂದವು. ರಜೆ ಕೇಳಲು ಬಂದನು, ನಾವು ಕೊಡಲಿಲ್ಲ. ಕೊಡದಿದ್ದುದಲ್ಲದೆ, ಹುಡುಗನ ಆಟದ ಹುಚ್ಚನ್ನು ಬಿಡಿಸಿರೆಂದು ಅವನ ತಂದೆಗೆ ಚೀಟಿಯನ್ನೂ ಬರೆದೆವು. ಆ ಪರೀಕ್ಷೆಯಲ್ಲಿ ಆತನು ಇಪ್ಪತ್ತೈದಕ್ಕೆ ನಾಲ್ಕು ಅಂಕ ಪಡೆದನು. ಈಗ ಭದ್ರಾವತಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಾನಂತೆ. ಸಂಜೆ ಹುಡುಗರಿಗೆ ಆಟ ಹೇಳಿಕೊಡುತ್ತಾನೆ, ಕಾಸು ತೆಗೆದುಕೊಳ್ಳದೆ. ಆ ದಿನ ಆಡುವುದಿದ್ದದ್ದು ಆತನ ತಂಡವೇ. ಎದುರಾಳಿಗಳು ತರೀಕೆರೆಯ ಕಡೆಯ ಒಂದು ಹಳ್ಳಿಯವರು.

ಆಟವನ್ನು ಬಾಲ್ಯದಲ್ಲಿ ಆಡಿ ಮರೆತಿರುವ ವಾಚಕರಿಗಾಗಿ, ಶಿಷ್ಯನು ನಮಗೆ ತಿಳಿಸಿದುದನ್ನು ಸಂಗ್ರಹವಾಗಿ ಹೇಳುತ್ತೇವೆ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ, ನಡುವೆ ಮಧ್ಯರೇಖೆ. ಒಂದೊಂದು ಕಡೆ ಏಳು ಮಂದಿ. ಒಬ್ಬನು "ಕಬಡ್ಡಿ, ಕಬಡ್ಡಿ" ಎಂದು ಒಂದೇ ಉಸಿರಿನಲ್ಲಿ ಹೇಳುತ್ತ ಎದುರು ಅಂಕಣಕ್ಕೆ ನುಗ್ಗಿ, ಸಿಕ್ಕಿದವರನ್ನು ಮುಟ್ಟಿ, ಮಧ್ಯರೇಖೆಯ ಈಚೆಗೆ ಮರಳಬೇಕು. ಅದಕ್ಕೆ 30 ಸೆಕೆಂಡುಗಳ ಅವಧಿ. ಮುಟ್ಟಿಸಿಕೊಂಡವರು ಹೊರಗೆ, ತಲೆಗೊಂದು ಅಂಕ. ಮರಳಗೊಡದೆ ಹಿಡಿದರೆ ಅವನೇ ಹೊರಗೆ, ಹಿಡಿದವರಿಗೆ ಅಂಕ. ಆದರೆ ಹೊರಗೆ ಹೋದವರು ಹೋಗಿಯೇಬಿಡುವುದಿಲ್ಲ. ತಮ್ಮವರು ಎದುರು ಪಕ್ಷದಲ್ಲಿ ಎಷ್ಟು ಮಂದಿಯನ್ನು ಹೊರಡಿಸುತ್ತಾರೋ ಇವರಲ್ಲಿ ಅಷ್ಟು ಮಂದಿ ಹಿಂತಿರುಗುತ್ತಾರೆ. ಒಂದು ಪಕ್ಷದವರೆಲ್ಲರೂ ಹೊರಬಿದ್ದರೆ ಅದು ಲೋನಾ. ಎದುರಾಳಿಗಳಿಗೆ ಇನ್ನೆರಡು ಅಂಕ, ಬಿದ್ದ ಏಳು ಮಂದಿಗೂ ಪುನರ್ಜನ್ಮ. 20 ನಿಮಿಷದ ಎರಡು ಭಾಗಗಳಲ್ಲಿ ಆಟ.

ಈ ಆಟವನ್ನು ಅಭಿಮನ್ಯುವಿನ ಚಕ್ರವ್ಯೂಹಕ್ಕೆ ಹೋಲಿಸುವವರುಂಟು. ಏಳು ಮಂದಿಯ ನಡುವೆ ಒಬ್ಬನು ಎಂಬಷ್ಟರ ಮಟ್ಟಿಗೆ ಹೋಲಿಕೆ ಸರಿಯೇ. ಆದರೆ ಅಭಿಮನ್ಯುವಿಗೆ ಹೊಗುವುದು ತಿಳಿದಿದ್ದಿತು, ಹೊರಡುವುದು ತಿಳಿದಿರಲಿಲ್ಲ. ಇಲ್ಲಿಯ ವಿದ್ಯೆಯೆಲ್ಲ ಹೊರಡುವುದರಲ್ಲಿಯೇ ಇದೆ. ಉಸಿರಿನ ಮಾತಿಗೆ ಬಂದರೆ, ಪ್ರಾಣಾಯಾಮವನ್ನು ಪುಸ್ತಕದಲ್ಲಿ ಓದಿದ ನಮಗೆ ಅದನ್ನು ಹೀಗೆ ಧೂಳಿನಲ್ಲಿ, ಏಳು ಜನರ ಕೈಗಳ ನಡುವೆ ಸಾಧಿಸುತ್ತಾರೆಂಬುದು ಹೊಸ ಸಂಗತಿ.

ತಮಿಳರು ಚಡುಗುಡು ಎನ್ನುವ, ಮಹಾರಾಷ್ಟ್ರದವರು ಹುತುತು ಎನ್ನುತ್ತಿದ್ದ, ಬಂಗಾಳದವರು ಹಾಡುಡು ಎನ್ನುವ ಈ ಆಟ ಊರೂರಿಗೂ ಒಂದೊಂದು ನಿಯಮದಿಂದ ನಡೆಯುತ್ತಿದ್ದಿತು. ಅದಕ್ಕೆ ಒಂದು ಕಟ್ಟುಪಾಡು ಬಂದದ್ದು ಕಳೆದ ಶತಮಾನದಲ್ಲಿ. 1936ರಲ್ಲಿ ಅಮರಾವತಿಯ ವ್ಯಾಯಾಮಶಾಲೆಯವರು ಇದನ್ನು ಬರ್ಲಿನ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳ ಸಮಯದಲ್ಲಿ ಪ್ರದರ್ಶಿಸಿದರು. 1950ರಲ್ಲಿ ಅಖಿಲ ಭಾರತ ಸಂಸ್ಥೆಯಾಯಿತು. 1990ರಲ್ಲಿ ಏಷ್ಯಾ ಖಂಡದ ಕ್ರೀಡೆಗಳಲ್ಲಿ ಸ್ಥಾನ ದೊರೆಯಿತು. ಕಾರ್ಕಳದ ಕಡೆಯ ಮಮತಾ ಪೂಜಾರಿಯವರು ಅಲ್ಲಿ ಚಿನ್ನ ಗೆದ್ದು 2014ರಲ್ಲಿ ಅರ್ಜುನ ಪ್ರಶಸ್ತಿಯನ್ನು ಪಡೆದುದನ್ನು ನಮ್ಮ ಸೋದರಿಯರು ಬಲ್ಲರು. ಅದೇ ವರ್ಷ ಹಣದ ಲೀಗೂ ಆರಂಭವಾಗಿ, ಆಟಗಾರರು ಲಕ್ಷಗಳಿಗೆ ಹರಾಜಾಗತೊಡಗಿದರು. ಆದರೆ ಆ ಲಕ್ಷ್ಮಿಯು ಕೆಲವರ ಮನೆಗೆ ಮಾತ್ರ ಹೋಗುತ್ತಾಳೆ. ಈ ಬಯಲಿನ ಹದಿನಾಲ್ಕು ಮಂದಿಗೆ ಅವಳ ಪರಿಚಯವಿರಲಿಲ್ಲ.

ಶಿಳ್ಳೆ ಊದಿತು. ಮೊದಲ ಹತ್ತು ನಿಮಿಷ ನಮಗೆ ಕಂಡದ್ದು ಧೂಳು ಮಾತ್ರ. ಆಮೇಲೆ ಕಣ್ಣು ಪಳಗಿತು. ಹಿಡಿಯುವವರು ಒಬ್ಬರ ಕೈಯನ್ನೊಬ್ಬರು ಹಿಡಿದು ಸರಪಳಿಯಂತೆ ಹಿಂದೆ ಸರಿಯುವುದು. ನುಗ್ಗಿದವನು ಒಂದು ಕಡೆ ನೋಡಿ ಇನ್ನೊಂದು ಕಡೆ ಕಾಲು ಚಾಚುವುದು. ಮೂಲೆಯವನು ಸಮಯ ನೋಡಿ ಕಣಕಾಲಿಗೆ ಬೀಳುವುದು. ಬಿದ್ದೊಡನೆ ಉಳಿದವರು ಮೇಲೆ ಕವಿಯುವುದು. ಕವಿದವರೇ ಎದ್ದ ಮೇಲೆ ಬಿದ್ದವನ ಕೈಹಿಡಿದು ಎತ್ತುತ್ತಾರೆ. ಅವನ ಬೆನ್ನಿನ ಮಣ್ಣನ್ನು ತಟ್ಟುತ್ತಾರೆ. ಇದನ್ನು ಒಂದು ಸಲವಲ್ಲ, ಹತ್ತು ಸಲ ಕಂಡೆವು.

ಭದ್ರಾವತಿಯ ಹುಡುಗರಲ್ಲಿ ಒಬ್ಬನ ಮೇಲೆ ನಮ್ಮ ಕಣ್ಣು ನಿಂತಿತು. ಬಡಕಲು ಮೈ, ಇಪ್ಪತ್ತೊಂದು ಇಪ್ಪತ್ತೆರಡರ ಪ್ರಾಯ. ಕಾರಿಗೆ ಬಣ್ಣ ಹೊಡೆಯುವ ಕೆಲಸವಂತೆ. ಉಗುರುಗಳ ಸಂದಿನಲ್ಲಿ ನೀಲಿಯ ಕಲೆ ಇನ್ನೂ ಇದ್ದಿತು. "ಆದಿತ್ಯವಾರವಾದುದರಿಂದ ಇವರಿಗೆಲ್ಲ ರಜೆಯಷ್ಟೆ?" ಎಂದು ಕೇಳಿದೆವು. ಶಿಷ್ಯನು ನಕ್ಕನು. "ಎಲ್ಲಿಯ ರಜೆ ಸಾರ್. ಒಬ್ಬ ಹೋಟೆಲಿನಲ್ಲಿದ್ದಾನೆ, ಒಬ್ಬ ಪೆಟ್ರೋಲ್ ಬಂಕಿನಲ್ಲಿ. ಇವತ್ತು ಬಂದರೆ ಇವತ್ತಿನ ಕೂಲಿ ಇಲ್ಲ. ನಾನೇ ಒಂದೊಂದು ಕಡೆಗೂ ಹೋಗಿ ಯಜಮಾನರ ಹತ್ತಿರ ಕೇಳಿಕೊಂಡು ಬಿಡಿಸಿಕೊಂಡು ಬರುತ್ತೇನೆ. ಕೆಲವರು ಬಿಡುತ್ತಾರೆ, ಕೆಲವರು ಬಿಡುವುದಿಲ್ಲ."

ಇಷ್ಟನ್ನು ಹೇಳಿ ಆತನು ಅಂಕಣದ ಕಡೆಗೆ ತಿರುಗಿದನು. ನಾವು ಏನನ್ನೂ ಹೇಳಲಾರದೆ ಹೋದೆವು. ಬಿಡದೆ ಇದ್ದವರಲ್ಲಿ ಮೊದಲನೆಯವರು ನಾವಲ್ಲವೆ?

ಪೂರ್ವಾರ್ಧದಲ್ಲಿ ಭದ್ರಾವತಿಯವರು ಐದು ಅಂಕಗಳಿಂದ ಹಿಂದೆ ಬಿದ್ದಿದ್ದರು. ಉತ್ತರಾರ್ಧ ಮುಗಿಯಲು ಎರಡು ನಿಮಿಷ ಮಾತ್ರ ಉಳಿದಿದ್ದಾಗ ಲೆಕ್ಕ 27ಕ್ಕೆ 31. ಒಳಗಿದ್ದವರು ಮೂರೇ ಮಂದಿ. ಹಳ್ಳಿಯ ತಂಡದ ದೃಢಕಾಯನೊಬ್ಬನು ನುಗ್ಗಿ ಬಂದನು. ಮೂವರೂ ಅವನನ್ನು ಸುತ್ತಿ ಕೆಡಹಿದರು. ಮೂವರು ಅಥವಾ ಅದಕ್ಕಿಂತ ಕಡಿಮೆ ಮಂದಿ ಹಿಡಿದರೆ ಒಂದಕ್ಕೆ ಎರಡು ಅಂಕ. 29 ಆಯಿತು, ಒಬ್ಬನು ಒಳಗೆ ಬಂದು ನಾಲ್ವರಾದರು. ತಾರಸಿಯ ಮೇಲಿನ ಅಜ್ಜಿ ಸೊಪ್ಪಿನ ಮೊರವನ್ನು ಪಕ್ಕಕ್ಕಿಟ್ಟರು.

ಈಗ ಬಣ್ಣದ ಕೆಲಸದ ಹುಡುಗನ ಸರದಿ. ಒಳಹೊಕ್ಕವನು ಬಹಳ ಹೊತ್ತು ಯಾರನ್ನೂ ಮುಟ್ಟಲಿಲ್ಲ. ಕೊನೆಯ ಕ್ಷಣದಲ್ಲಿ ಒಬ್ಬನು ಕಾಲಿಗೆ, ಒಬ್ಬನು ಸೊಂಟಕ್ಕೆ ಬಿದ್ದರು. ಅವರಿಬ್ಬರನ್ನೂ ಎಳೆದುಕೊಂಡೇ ಆತನು ಮುಗ್ಗರಿಸಿ, ಕೈ ಚಾಚಿ, ಬೆರಳ ತುದಿಯಿಂದ ಮಧ್ಯರೇಖೆಯನ್ನು ಮುಟ್ಟಿದನು. ಉಸಿರು ಕಡಿದಿರಲಿಲ್ಲ, "ಕಬಡ್ಡಿ" ಎಂಬ ಸದ್ದು ನರಳುವಿಕೆಯಂತೆ ಕೇಳುತ್ತಲೇ ಇದ್ದಿತು. ಹಿಡಿದ ಇಬ್ಬರೂ ಹೊರಗೆ, 31ಕ್ಕೆ 31. ಬಯಲೆಲ್ಲ ಎದ್ದು ಕೂಗಿತು. ನಾವೂ ಕೂಗಿದೆವೆಂದು ಮಿತ್ರರು ಹೇಳುತ್ತಾರೆ, ಇರಬಹುದು.

ಹುಡುಗನು ಮಾತ್ರ ಏಳಲಿಲ್ಲ. ಬಲಗೈಯ ಭುಜ ಕೀಲು ತಪ್ಪಿದ್ದಿತು. ಅವನ ಸೊಂಟವನ್ನು ಹಿಡಿದಿದ್ದ ಹಳ್ಳಿಯ ಹುಡುಗನೇ ಮೊದಲು ಕುಳಿತು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡನು. ಯಾರೋ ಕೈಯನ್ನು ಎಳೆದು ಸರಿಪಡಿಸುತ್ತೇನೆಂದು ಮುಂದೆ ಬಂದರು. ಶಿಷ್ಯನು ತಡೆದು, ಟವೆಲಿನಿಂದ ಕೈಯನ್ನು ಕತ್ತಿಗೆ ತೂಗುಹಾಕಿ, ಆಟೋದಲ್ಲಿ ಕೂರಿಸಿ ಆಸ್ಪತ್ರೆಗೆ ಕಳುಹಿಸಿದನು. ಅವನ ಬದಲಿಗೆ ಇನ್ನೊಬ್ಬನು ಇಳಿದನು.

ಈಗ ಭದ್ರಾವತಿಯವರು ಆರು ಮಂದಿ. ಉಳಿದದ್ದು ಒಂದೇ ದಾಳಿ. ಹಳ್ಳಿಯ ಸಣಕಲು ಹುಡುಗನೊಬ್ಬನು ಬಂದನು. ಯಾರ ಹತ್ತಿರವೂ ಸುಳಿಯದೆ, ಹಿಂಬದಿಯ ಒಂದು ಗೆರೆಯ ಆಚೆಗೆ ಕಾಲಿಟ್ಟು, ಇನ್ನೊಂದು ಕಾಲನ್ನು ಗಾಳಿಯಲ್ಲಿ ಎತ್ತಿ, ಕೊಕ್ಕರೆಯಂತೆ ಅರೆಕ್ಷಣ ನಿಂತು ಹಿಂದಕ್ಕೆ ಹಾರಿದನು. ಅಂಪೈರು ಹೆಬ್ಬೆರಳೆತ್ತಿದರು. ಶಿಳ್ಳೆ ಊದಿತು. 31ಕ್ಕೆ 32; ಭದ್ರಾವತಿಯವರು ಸೋತರು.

ಯಾರನ್ನೂ ಮುಟ್ಟದೆ ಅಂಕವೆಂತು ಬಂದಿತೆಂದು ನಮಗೆ ಅರ್ಥವಾಗಲಿಲ್ಲ. ಶಿಷ್ಯನು ಹೇಳಿದನು: "ಅದು ಬೋನಸ್ ಗೆರೆ ಸಾರ್. ಒಳಗೆ ಆರು ಜನ ಇದ್ದರೆ ಮಾತ್ರ ಆ ಅಂಕ ಸಿಗುವುದು. ನಾಲ್ಕೇ ಜನ ಇದ್ದಿದ್ದರೆ ಸಿಗುತ್ತಿರಲಿಲ್ಲ. ಅವನು ಇಬ್ಬರನ್ನು ಬದುಕಿಸಿದ, ಅದರಿಂದಲೇ ಸೋತೆವು." ನಮಗೆ ದಿಗ್ಭ್ರಮೆಯಾಯಿತು. "ಹಾಗಾದರೆ ಅವನು ಸುಮ್ಮನೆ ಬರಬೇಕಾಗಿತ್ತೆ?" ಎಂದೆವು. "ಎಲ್ಲಾದರೂ ಉಂಟೆ ಸಾರ್!" ಎಂದನು ಆತ, ಕಂಪಿಸುವ ದನಿಯಲ್ಲಿ. "ಹೊರಗೆ ಕೂತವರು ಅವನನ್ನೇ ನೋಡುತ್ತಾ ಇರಲಿಲ್ಲವೆ?"

ಅಷ್ಟರಲ್ಲಿ ಇಬ್ಬರು ಹುಡುಗರು ಒಂದು ಟವೆಲನ್ನು ನಾಲ್ಕು ತುದಿಗಳಲ್ಲಿ ಹಿಡಿದು ಜನರ ನಡುವೆ ಬಂದರು. ಆಸ್ಪತ್ರೆಯ ಖರ್ಚಿಗೆ. ಕೈ ಗುಣವಾಗುವವರೆಗೆ ಹುಡುಗನು ಬಣ್ಣದ ಕೆಲಸಕ್ಕೆ ಹೋಗುವಂತಿಲ್ಲ. ಮನೆಯಲ್ಲಿ ತಾಯಿ, ಓದುತ್ತಿರುವ ತಂಗಿ. ಗೆದ್ದ ಹಳ್ಳಿಯವರು ತಮ್ಮ ಬಹುಮಾನದ ಲಕೋಟೆಯನ್ನು ಒಡೆದು, ಅದರಲ್ಲಿ ಒಂದು ಭಾಗವನ್ನು ಮೊದಲು ಹಾಕಿದರು. ಬೋಂಡದ ಗಾಡಿಯವನು ಹಾಕಿದನು. ನಾವೂ ಹಾಕಿದೆವು, ಎಷ್ಟೆಂಬುದನ್ನು ಬರೆದರೆ ಪುಣ್ಯ ಕ್ಷಯಿಸುತ್ತದೆ.

ಯಾರ್ಕ್‌ಷೈರಿನ ಕಾಗದ ನಮಗೆ ನೆನಪಾದದ್ದು ಆಗ. ಅದರಲ್ಲಿ ಆತನು ಆ ಆಟದ ಇತಿಹಾಸವನ್ನೂ ಬರೆದಿದ್ದನು. ಇಂಗ್ಲೆಂಡಿನ ರಗ್ಬಿ ಆಟವನ್ನು ಆಳುತ್ತಿದ್ದವರು ಅನುಕೂಲಸ್ಥರು. ಆಟಕ್ಕಾಗಿ ಒಂದು ಕಾಸನ್ನೂ ಮುಟ್ಟಬಾರದೆಂಬುದು ಅವರ ಕಟ್ಟಳೆ. ಉತ್ತರದ ಗಿರಣಿ ಗಣಿಗಳ ಊರುಗಳಲ್ಲಿ ಆಡುವವರು ಕೂಲಿಗಾರರು. ಶನಿವಾರದ ಪಂದ್ಯಕ್ಕೆ ಹೋದರೆ ಅವರ ಸಂಬಳ ಕಡಿತವಾಗುತ್ತಿದ್ದಿತು. ಕಳೆದುಕೊಂಡ ಕೂಲಿಯನ್ನಾದರೂ ತುಂಬಿಕೊಡಿರೆಂದು ಅಲ್ಲಿಯ ಸಂಘಗಳು ಕೇಳಿದವು, ದೊರೆಯಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಎಂಬ ಊರಿನ ಜಾರ್ಜ್ ಹೋಟೆಲಿನಲ್ಲಿ ಆ ಸಂಘಗಳವರು ಸೇರಿ ಬೇರೆಯಾದರು. ಅವರು ಕಟ್ಟಿದುದೇ ಮುಂದೆ ರಗ್ಬಿ ಲೀಗ್ ಆಯಿತು. ಹದಿನೈದು ಮಂದಿಯ ಆಟ 1906ರಲ್ಲಿ ಹದಿಮೂರು ಮಂದಿಯದಾಯಿತು. ಕಟ್ಟಳೆ ಮಾಡಿದ್ದ ಹಳೆಯ ಪಕ್ಷದವರೂ ನೂರು ವರ್ಷ ಕಳೆದ ಮೇಲೆ, 1995ರಲ್ಲಿ, ಆಟಗಾರನು ಹಣ ಪಡೆಯಬಹುದೆಂದು ಒಪ್ಪಿದರು.

ಹಣ ಪಡೆಯದೆ ಆಡುವವನನ್ನು ಇಂಗ್ಲಿಷಿನಲ್ಲಿ ಅಮೆಚೂರ್ ಎನ್ನುತ್ತಾರೆ. ಲ್ಯಾಟಿನ್ ಮೂಲದಲ್ಲಿ ಅದಕ್ಕೆ ಪ್ರೀತಿಸುವವನು ಎಂದರ್ಥ. ಒಳ್ಳೆಯ ಮಾತು. ಆದರೆ ಪ್ರೀತಿಗೂ ಒಂದು ವೆಚ್ಚವಿದೆ. ಉಳ್ಳವನಿಗೆ ಅದು ಬಿಡುವಿನ ವೇಳೆಯ ವೆಚ್ಚ. ಕೂಲಿಗಾರನಿಗೆ ಆ ದಿನದ ಅನ್ನದ ವೆಚ್ಚ. ಹಿಂದೆ ಈ ಊರಿನಲ್ಲಿ ಕಾರ್ಖಾನೆಯ ಕಾಯಂ ಸಂಬಳ ಆ ವೆಚ್ಚವನ್ನು ಹೊರುತ್ತಿದ್ದಿತು. ನಮ್ಮ ಮಿತ್ರರು ಪಾಳಿ ಮುಗಿಸಿ ಆಡಿದರೂ ಸಂಬಳ ಸಂಬಳವೇ. ಈಗ ಹುಡುಗರೇ ಹೊರುತ್ತಾರೆ. ಹಗ್ಗದ ಈಚೆ ಕುರ್ಚಿಯ ಮೇಲೆ ಕುಳಿತು ನೋಡುವವರು ಬಿಟ್ಟಿ ನೋಡಿ ಹೋಗುತ್ತೇವೆ.

ಹೊರಡುವಾಗ ಶಿಷ್ಯನು ನಿಲ್ದಾಣದವರೆಗೂ ಬಂದನು. ಆಸ್ಪತ್ರೆಯಿಂದ ದೂರವಾಣಿ ಬಂದಿದ್ದಿತು. ಕೀಲು ಕೂತಿದೆ, ಮೂಳೆ ಮುರಿದಿಲ್ಲ. ಹಗುರವಾದ ಮನಸ್ಸಿನಿಂದ ನಾವು ಧೈರ್ಯಮಾಡಿ, "ಅಂದು ನಿನಗೆ ರಜೆ ಕೊಡಬೇಕಾಗಿತ್ತಪ್ಪ. ತಪ್ಪು ನಮ್ಮದು" ಎಂದೆವು. ಆತನು ಅಪ್ರತಿಭನಾದನು. ಮರೆತಿದ್ದನೆಂದು ತೋರಲಿಲ್ಲ. "ಅಯ್ಯೋ, ಬಿಡಿ ಸಾರ್. ಕೊಟ್ಟಿದ್ದರೂ ಆಯ್ಕೆಯಾಗುತ್ತಿದ್ದೆನೋ ಇಲ್ಲವೋ" ಎಂದನು. ಸ್ವಲ್ಪ ತಡೆದು, "ಹೋಗಿ ನೋಡಬೇಕು ಅಂತ ಇತ್ತು, ಅಷ್ಟೇ" ಎಂದನು. ಅದಕ್ಕೆ ನಾವು ಉತ್ತರ ಹುಡುಕುತ್ತಿರುವಾಗಲೇ ರೈಲು ಬಂದಿತು.

ಮನೆಯವರೇ, ನಿಮ್ಮ ಊರಿನ ಬಯಲಿನಲ್ಲಿಯೂ ಇಂಥ ಆಟ ನಡೆಯುತ್ತಿರಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿರಿ. ಟಿಕೇಟಿಲ್ಲವೆಂದು ಕೈಬೀಸಿಕೊಂಡು ಬರಬೇಡಿರಿ. ಟಿಕೇಟಿನ ಬೆಲೆಯನ್ನು ಯಾವುದಾದರೂ ಟವೆಲಿಗೆ ಹಾಕಿ ಬನ್ನಿರಿ. ನಿಮ್ಮ ಅಂಗಡಿಯಲ್ಲೋ ಹೋಟೆಲಿನಲ್ಲೋ ಕೆಲಸಕ್ಕಿರುವ ಹುಡುಗನು ಪಂದ್ಯಕ್ಕೆಂದು ಒಂದು ದಿನ ಕೇಳಿದರೆ, ಬಿಡಿರಿ. ಸಾಧ್ಯವಾದರೆ ಕೂಲಿಯನ್ನೂ ಕೊಡಿರಿ. ಉಪಾಧ್ಯಾಯರಾದವರಿಗೆ ಬೇರೆ ಹೇಳಬೇಕಾಗಿಲ್ಲ.

ಯಾರ್ಕ್‌ಷೈರಿಗೆ ಉತ್ತರ ಬರೆದಾಯಿತು: ಉಂಟು, ನಮ್ಮ ಸೀಮೆಯಲ್ಲಿಯೂ ಉಂಟು. ಆ ರಾತ್ರಿ ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಒಂದೇ ಉಸಿರಿನಲ್ಲಿ ಎಷ್ಟು ಸಲ ಕಬಡ್ಡಿ ಎನ್ನಬಲ್ಲೆವೆಂದು ಪರೀಕ್ಷಿಸಿಕೊಂಡೆವು. ಹನ್ನೊಂದಕ್ಕೆ ಕೆಮ್ಮು ಬಂದಿತು. ಬಾಗಿಲ ಆಚೆಯಿಂದ ಮೊಮ್ಮಗಳು, "ತಾತ, ರಾಮಶಬ್ದಕ್ಕೆ ಇರುವ ಉಸಿರು ಇದಕ್ಕೇಕಿಲ್ಲ?" ಎಂದು ಕೇಳಿದಳು.